ಹಗ್ಗದ ಬೇರು

ನಮ್ಮೂರಿನಲ್ಲಿ ಯಾರೂ ಯಾರನ್ನೂ ಊಟವಾಯಿತೇ ಎಂದು ಕೇಳುವುದಿಲ್ಲ. ಹಿಮ್ಮಡಿ ನೋಡಿದರೆ ಸಾಕು. ಹೊಟ್ಟೆ ಬರಿದಾದವರ ಹಿಮ್ಮಡಿ ನೆಲ ಬಿಡುತ್ತದೆ. ಒಂದು ಹೊತ್ತು ತಪ್ಪಿದರೆ ತುದಿಗಾಲ ಮೇಲೆ ನಡೆಯಬೇಕು, ಎರಡು ಹೊತ್ತು ತಪ್ಪಿದರೆ ತೊಲೆಗೆ ತಲೆ ತಾಗುತ್ತದೆ. ಏಕಾದಶಿ ಹಿಡಿಯುವ ಅಜ್ಜಿಯರು ಬೆಳಿಗ್ಗೆಯೇ ಸೆರಗನ್ನು ಕಂಬಕ್ಕೆ ಕಟ್ಟಿಕೊಂಡು ಕೂರುತ್ತಾರೆ, ಸಂಜೆಯ ಜಪವೆಲ್ಲ ಅಟ್ಟದ ಹತ್ತಿರದಿಂದ ಕೇಳಿಸುತ್ತದೆ. ಸಿಟ್ಟಿಗೆ ಊಟ ಬಿಟ್ಟ ಗಂಡಂದಿರನ್ನು ಇಳಿಸಲು ಮನೆಮನೆಯಲ್ಲೂ ಒಂದು ದೋಟಿ ಇರುತ್ತದೆ, ಮಾವಿನಕಾಯಿ ಕೀಳುವ ಅದೇ ಕೊಕ್ಕೆಯ ಬಿದಿರು. ಸಾವಿನ ಮನೆಯಲ್ಲಿ ಒಲೆ ಹೊತ್ತುವುದಿಲ್ಲ, ದುಃಖದಲ್ಲಿದ್ದವರಿಗೆ ತುತ್ತು ಇಳಿಯುವುದೂ ಇಲ್ಲ. ಅದಕ್ಕೇ ನೆರೆಯವರು ಹೋಗಿ ಆ ಮನೆಯವರ ಕೈ ಹಿಡಿದುಕೊಂಡು ಕೂರುತ್ತಾರೆ. ಮಾತಾಡಬೇಕೆಂದೇನಿಲ್ಲ, ಕೈ ಬಿಡಬಾರದು ಅಷ್ಟೆ.

ಇಂಥ ಊರಿನವರಿಗೆ ಹಗ್ಗಜಗ್ಗಾಟದ ಹುಚ್ಚು ಯಾಕೆ ಎಂದರೆ ಏನು ಹೇಳಲಿ? ಹುಚ್ಚಿಗೆ ಕಾರಣ ಬೇಕೇ? ಹೊಳೆ ಇಳಿದು ನಡುವೆ ಮರಳಿನ ದಿಬ್ಬ ತೇಲಿದ ಮೇಲೆ ಹೊಳೆಯಾಚೆಯ ಊರಿನ ಹೆಂಗಸರಿಗೂ ನಮಗೂ ಪಂದ್ಯ. ಆಚೆಯವರು ಉಂಡರೂ ಉಪವಾಸವಿದ್ದರೂ ನೆಲದ ಮೇಲೇ ಇರುವ ಜನ. ನಮ್ಮನ್ನು ಅವರು ಬಲೂನುಗಳು ಎನ್ನುತ್ತಾರೆ. ಬಲೂನುಗಳು ಮೇಲಿಂದ ಮೇಲೆ ಗೆದ್ದದ್ದು ಯಾರಿಂದ ಎಂದರೆ ನನ್ನ ತಂಗಿ ಚಂಪಾಳಿಂದ, ಇನ್ನೊಂದು ಪಾಲು ನನ್ನ ಗಂಟಲಿನಿಂದ. ನಾನು ಕಸ್ತೂರಿ, ನಮ್ಮ ತಂಡದ ಕೂಗುವವಳು. ನಾನು "ಹೈಸಾ" ಎಂದರೆ ಎಮ್ಮೆಗಳೂ ಒಂದು ಹೆಜ್ಜೆ ಹಿಂದೆ ಇಡುತ್ತವೆ ಎಂದು ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಎಮ್ಮೆಗಳು ಇಡುವುದು ನಿಜ.

ಹಗ್ಗದ ಕಟ್ಟಕಡೆಗೆ, ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ನಿಲ್ಲುವವಳನ್ನು ನಾವು ಬೇರು ಎನ್ನುತ್ತೇವೆ. ಬೇರು ಅಲುಗದಿದ್ದರೆ ಮರ ಬೀಳದು. ಚಂಪಾ ಕೈಕಾಲು ತುಂಬಿದ ಹುಡುಗಿ, ನಮ್ಮ ಹಿಟ್ಟಿನ ಗಿರಣಿಯಲ್ಲಿ ಜೋಳದ ಚೀಲವನ್ನು ಒಂಟಿಯಾಗಿ ಎತ್ತಿ ಹಾಕುವವಳು. ಬೇರಿಗೆ ಉಣ್ಣಿಸುವುದು ಊರಿನವರಿಗೆ ಪುಣ್ಯದ ಕೆಲಸ. ಅವಳು ಬೀದಿಗಿಳಿದರೆ ಒಬ್ಬರು ಹೋಳಿಗೆ ಎನ್ನುವರು, ಒಬ್ಬರು ಮಂಡಕ್ಕಿ ಎನ್ನುವರು. ತಿನ್ನು ಎಂದ ಅದೇ ಬಾಯಿ, ಅವಳು ತಿಂದು ತಿರುಗಿದ ಕೂಡಲೇ, "ಏನವ್ವಾ, ಆಕಿ ನಡದ್ರ ನೆಲಾನ ನಡಗತೈತಿ" ಎಂದು ನಗುತ್ತಿತ್ತು. ಚಂಪಾಳೂ ನಗುತ್ತಿದ್ದಳು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು.

ಮಳೆಗಾಲ ಹಿಡಿದ ಮೇಲೆ ಒಂದು ವಿಚಿತ್ರ ಶುರುವಾಯಿತು. ಚಂಪಾ ನಮ್ಮ ಜೊತೆಗೇ ಕೂತು ಹೊಟ್ಟೆ ತುಂಬ ಉಣ್ಣುವಳು, ಕೈ ತೊಳೆಯಲು ಹಿತ್ತಲಿಗೆ ಹೋಗುವಳು, ನಲ್ಲಿಯ ನೀರು ಭೋರೆಂದು ಸುರಿಯುತ್ತಲೇ ಇರುವುದು. ಬಂದಾಗ ಕಣ್ಣು ಕೆಂಪು. ಗಿರಣಿ ತಲುಪುವ ಹೊತ್ತಿಗೆ ಅವಳ ಹಿಮ್ಮಡಿ ಎದ್ದಿರುತ್ತಿತ್ತು. ಆಗಷ್ಟೇ ಉಂಡವರು ತೇಲಿದ್ದನ್ನು ನಮ್ಮೂರು ಕಂಡಿರಲಿಲ್ಲ. ಬೆಳಿಗ್ಗೆ ತುಂಬಿಟ್ಟ ರೊಟ್ಟಿ ಬುಟ್ಟಿ ಮಧ್ಯಾಹ್ನಕ್ಕೆ ಖಾಲಿಯಾಗಿರುತ್ತಿತ್ತು, ಯಾರು ತಿಂದರೆಂದು ಗೊತ್ತಾಗುತ್ತಿರಲಿಲ್ಲ. ಅವಳ ದನಿ ಗೊಗ್ಗರಾಯಿತು. ತಣ್ಣನೆಯ ಮಜ್ಜಿಗೆ ಕುಡಿದರೆ ಹಲ್ಲು ಜುಮ್ಮೆನ್ನುತ್ತದೆ ಎಂದು ಕೆನ್ನೆ ಹಿಡಿದುಕೊಳ್ಳುವಳು. ಕಿವಿಯ ಕೆಳಗೆ ಎರಡೂ ಕಡೆ ಊದಿಕೊಂಡಿತ್ತು. ಅದನ್ನು ನೋಡಿ ಅವ್ವ, ಮುಖ ತುಂಬಿಕೊಂಡಿದೆ, ಸದ್ಯ, ಎಂದು ದೃಷ್ಟಿ ತೆಗೆದಳು.

"ಹೊಟ್ಟ್ಯಾಗ ಜಂತ ಆಗ್ಯಾವ, ಮತ್ತೇನಿಲ್ಲ" ಎಂದಳು ಅವ್ವ, ಹಿಮ್ಮಡಿಯ ಸುದ್ದಿ ಕೇಳಿ. ಜಂತಿನ ಗುಳಿಗೆ ನುಂಗಿಸಿದ್ದಾಯಿತು. ಹಿಮ್ಮಡಿ ಇಳಿಯಲಿಲ್ಲ. ಆಮೇಲೆ ಊರಿನವರು ತಮಗೆ ಗೊತ್ತಿದ್ದ ಒಂದೇ ಔಷಧಿ ತಂದರು: ತೇಲಿದವರಿಗೆ ತಿನ್ನಿಸು. ಪಕ್ಕದ ಮನೆಯ ಸಂಗವ್ವತ್ತೆ ಹೋಳಿಗೆಯ ಮೇಲೆ ತುಪ್ಪ ಸುರಿದು ತಂದಳು, ಇನ್ನೊಬ್ಬರು ಶೇಂಗಾ ಉಂಡೆ. ಕಟ್ಟೆಯ ಮೇಲೆ ಕೂರಿಸಿ, ಸುತ್ತ ನಿಂತು, ತಿನ್ನಿಸಿದರು. ಚಂಪಾ ತಲೆ ತಗ್ಗಿಸಿ ತಿಂದಳು. ಹಿಮ್ಮಡಿ ದಪ್ಪನೆ ನೆಲಕ್ಕಿಳಿದಾಗ ಎಲ್ಲರೂ ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ಊಟ ಬಲ್ಲವನಿಗೆ ರೋಗವಿಲ್ಲ ಎಂದಳು ಸಂಗವ್ವತ್ತೆ. ಚಂಪಾ ಕೈ ತೊಳೆಯಲು ಹಿತ್ತಲಿಗೆ ಹೋದಳು.

ಆದರೆ ಔಷಧಿ ಹತ್ತಿತು ಎಂದೇ ನಮಗೆ ಅನಿಸಿತು. ಹೊಳೆ ಇಳಿಯುವ ಹೊತ್ತಿಗೆ ಚಂಪಾ ನೆಲಕ್ಕೆ ಹಿಮ್ಮಡಿ ಊರಿ ನಡೆಯುತ್ತಿದ್ದಳು. ನಡಿಗೆ ಮಾತ್ರ ಸ್ವಲ್ಪ ಭಾರ, ಸೀರೆಯ ಅಂಚು ಕಾಲಿಗೆ ಬಡಿಯುವಾಗ ಟಕಟಕ ಸದ್ದು. ಏನದು ಎಂದರೆ, ಅಂಚಿಗೆ ಜರಿ ಹಚ್ಚಿಸೀನಿ ಎಂದಳು. ಪಂದ್ಯದ ಸಂಭ್ರಮದಲ್ಲಿ ಜರಿಯ ವಿಚಾರ ಯಾರಿಗೆ ಬೇಕು?

ಪಂದ್ಯದ ದಿನ ಮರಳಿನ ಮೇಲೆ ಎರಡೂ ಊರು ನೆರೆದಿದ್ದವು. ನಮ್ಮ ಹೆಂಗಸರು ಬೆಳಗಿನಿಂದ ಉಂಡೂ ಉಂಡೂ ತೇಗುತ್ತಿದ್ದರು. ಆಚೆ ಕಡೆಯ ಬೇರು ಹುಸೇನಬಿ, ಹೆಗಲು ಅಗಲದ ಹೆಂಗಸು, ಮರಳಿನಲ್ಲಿ ಕಾಲೂರಿ ಮೀಸೆಯಿಲ್ಲದ ಕಡೆ ಮೀಸೆ ತಿರುವಿ ನಮ್ಮನ್ನು ಕೆಣಕಿದಳು. ಸೀಟಿಯವನು ಸೀಟಿ ಊದಿದ. ನಾನು ಕೂಗಿದೆ. ಅಯ್ಯೋ, ಆ ಕೂಗನ್ನು ನೀವು ಕೇಳಬೇಕಿತ್ತು. "ಹೈಸಾ" ಎಂದರೆ ಹತ್ತು ಹೆಂಗಸರು ಒಂದೇ ಮೈಯಾಗಿ ಹಿಂದೆ ಬಾಗಿದರು, ಹಗ್ಗ ಕಿರ್ರೆಂದಿತು, ಹುಸೇನಬಿಯ ಕಾಲು ಮರಳಿನಲ್ಲಿ ಗೆರೆ ಕೊರೆಯುತ್ತ ಮುಂದೆ ಜಾರಿತು. ಇನ್ನೊಂದು ಎಳೆತ, ಇನ್ನೊಂದೇ. ನಮ್ಮವರು ಆಗಲೇ ಡೊಳ್ಳು ಎತ್ತಿಕೊಂಡಿದ್ದರು.

ಆಗ ಚಂಪಾಳ ಸೀರೆಯ ಅಂಚು ಅವಳ ಕಾಲಡಿಗೇ ಸಿಕ್ಕಿ ಹರಿಯಿತು. ಮೊದಲು ಒಂದು ಕಲ್ಲು ಬಿತ್ತು. ಹೊಳೆಯ ನುಣ್ಣನೆ ಕಲ್ಲು. ಅದರ ಹಿಂದೆ ಇನ್ನೊಂದು, ಮತ್ತೊಂದು, ಅಂಚಿನುದ್ದಕ್ಕೂ ಹೊಲಿದಿಟ್ಟಿದ್ದ ಕಲ್ಲುಗಳು ಅವರೆಕಾಯಿ ಬಿಡಿಸಿದ ಹಾಗೆ ಮರಳಿಗೆ ಉದುರಿದವು. ನನ್ನ "ಹೈಸಾ" ಅರ್ಧಕ್ಕೆ ನಿಂತಿತು. ಚಂಪಾ ಮೇಲೆದ್ದಳು. ಹಗ್ಗ ಅವಳ ಸೊಂಟಕ್ಕೆ ಸುತ್ತಿಕೊಂಡಿತ್ತು, ಕೈಬಿಡದ ನಮ್ಮವರು ಒಬ್ಬೊಬ್ಬರೇ ಅವಳ ಹಿಂದೆ ಮರಳು ಬಿಟ್ಟು ಎದ್ದರು. ಹಿಂದಿನವರ ಕಾಲು ಆಳುದ್ದ ಮೇಲೆ ತೂಗಾಡುತ್ತಿತ್ತು, ಮುಂದಿನವರು ತುದಿಗಾಲಲ್ಲಿ ಕುಣಿಯುತ್ತಿದ್ದರು. ನಾನು ಕೆಳಗೆ ಯಾರೋ ಕೊಟ್ಟ ದೋಟಿ ಹಿಡಿದು ಹುಚ್ಚಿಯ ಹಾಗೆ ಓಡುತ್ತಿದ್ದೆ. ನನಗೆ ಅವಳ ಹಿಮ್ಮಡಿ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ.

"ಹಗ್ಗಾ ಬಿಡಬ್ಯಾಡ್ರೇ" ಎಂದು ಗರ್ಜಿಸಿದವಳು ನಾನಲ್ಲ, ಹುಸೇನಬಿ. "ಮೆಲ್ಲಕ ಎಳೀರಿ. ಹುಡುಗಿ ಸೊಂಟಕ್ಕ ಹತ್ತೀತು, ಮೆಲ್ಲಕ."

ಗೆಲುವು ಅವರ ಕೈಯಲ್ಲಿತ್ತು, ಒಮ್ಮೆ ಜಗ್ಗಿದ್ದರೆ ಮುಗಿದಿತ್ತು. ಅವರು ಗೆರೆಯನ್ನು ತಿರುಗಿಯೂ ನೋಡಲಿಲ್ಲ. ಬಾವಿಯಿಂದ ತುಂಬಿದ ಕೊಡ ಸೇದುವ ಹಾಗೆ ಕೈ ಮೇಲೆ ಕೈ ಇಟ್ಟು ನಮ್ಮ ಬೇರನ್ನು ಕೆಳಗಿಳಿಸಿದರು. ಹುಸೇನಬಿ ಅವಳನ್ನು ಮಗುವಿನಂತೆ ತೊಡೆಯ ಮೇಲೆ ಹಾಕಿಕೊಂಡು, ಮತ್ತೆ ಏಳದಂತೆ ತನ್ನ ಭಾರವಾದ ಕೈಯನ್ನು ಅವಳ ಎದೆಯ ಮೇಲಿಟ್ಟಳು. ಚಂಪಾಳ ಬೆರಳುಗಳು ಸೆಟೆದುಕೊಂಡಿದ್ದವು, ತುಟಿ ಬಿಳಿಚಿತ್ತು. "ಎದಿ ಸರಿ ಬಡೀವಲ್ದು" ಎಂದು ಹುಸೇನಬಿ ನನ್ನ ಮುಖ ನೋಡಿದಳು. ಪಂದ್ಯ, ಡೊಳ್ಳು, ಊರಿನ ಮಾನ, ಎಲ್ಲವೂ ನನ್ನ ತಲೆಯಿಂದ ಹಾರಿಹೋಯಿತು. ನನ್ನ ತಂಗಿ ಸಾಯಬಾರದು, ಇಷ್ಟೇ ಉಳಿಯಿತು.

ಅಷ್ಟರಲ್ಲಿ ನಮ್ಮೂರಿನವರು ಓಡಿ ಬಂದರು, ಬರಿಗೈಯಲ್ಲಿ ಬರುತ್ತಾರೆಯೇ? ಬಾಳೆಹಣ್ಣು, ಉಂಡೆ, ಹೋಳಿಗೆ. ಸಂಗವ್ವತ್ತೆ ಉಂಡೆಯನ್ನು ಚಂಪಾಳ ಬಾಯಿಗೇ ಹಿಡಿದಳು. ಆಗ ಜನರ ನಡುವಿನಿಂದ ಒಂದು ಕೈ ಬಂದು ಆ ಉಂಡೆಯನ್ನು ಮೆಲ್ಲಗೆ ತೆಗೆದುಕೊಂಡಿತು. ಆಚೆ ಊರಿನ ಡಾಕ್ಟರು, ಮಂದಾಕಿನಿ ಎಂದು ಹೆಸರು, ಪಂದ್ಯದಲ್ಲಿ ಯಾರಾದರೂ ಉಳುಕಿಸಿಕೊಂಡರೆ ಇರಲಿ ಎಂದು ಬಂದಿದ್ದವರು.

"ಈಗ ಬ್ಯಾಡ್ರಿ, ದೊಡ್ಡವ್ವಾ" ಎಂದರು. "ಎಲ್ಲಾರೂ ಒಂಚೂರು ಆ ಕಡೆ ಸರೀರಿ. ಅಕ್ಕ ಒಬ್ಬಾಕಿ ಇರ್ಲಿ."

ಪಂದ್ಯಕ್ಕೆಂದು ಹಾಕಿದ್ದ ಪೆಂಡಾಲಿನೊಳಗೆ ಮಲಗಿಸಿ ಅವರು ನಾಡಿ ಹಿಡಿದರು, ಬ್ಯಾಟರಿ ಬೆಳಕಿನಲ್ಲಿ ಹಲ್ಲು ನೋಡಿದರು, ಕಿವಿಯ ಕೆಳಗಿನ ಊತವನ್ನು ಬೆರಳಿನಿಂದ ಮುಟ್ಟಿದರು. ನಾವೆಲ್ಲ ಇಷ್ಟು ದಿನ ಹಿಮ್ಮಡಿ ನೋಡಿದ್ದೆವು, ಅವರು ಮುಖ ನೋಡಿದರು. ಆಮೇಲೆ ತೀರ ತಗ್ಗಿದ ದನಿಯಲ್ಲಿ, "ಚಂಪಾ, ಒಂದ ಮಾತ ಕೇಳ್ತೀನಿ. ಇಲ್ಲಿ ಯಾರೂ ಬೈಯಂಗಿಲ್ಲ. ಉಂಡದ್ದನ್ನ ಹೊರಗ ಹಾಕ್ತೀಯೇನು?" ಎಂದರು.

ಚಂಪಾಳ ಕಣ್ಣಿನಿಂದ ನೀರು ಕಿವಿಯೊಳಗೆ ಇಳಿಯಿತು.

"ಹೂಂ" ಎಂದಳು. "ತಾನಾಗಿ ಬರೂದಲ್ಲ, ನಾನ ಬರಿಸಿಕೊಂತೀನಿ. ಒಮ್ಮೊಮ್ಮೆ ತಿನ್ನಾಕ ಕುಂತ್ರ ಕೈ ನಿಂದ್ರಂಗಿಲ್ಲ ಡಾಕ್ಟರ. ಹೊಟ್ಟಿ ನೋಯಾಕ ಹತ್ತಿದ್ರೂ ನಿಂದ್ರಂಗಿಲ್ಲ. ಆಮ್ಯಾಲ ಹೆದರಿಕಿ ಬರತೈತಿ, ನಾಚಿಕಿ ಬರತೈತಿ. ಹೊರಗ ಹಾಕಿದ್ರ ಒಂದ ಗಳಿಗಿ ಸಮಾಧಾನ, ಮತ್ತ ಅದ. ಇವ್ರು ತಿನ್ನು ಅಂತಾರ, ತಿಂದ್ರ ನಗ್ತಾರ. ತೇಲಿದ್ರ ಗೊತ್ತಾಕ್ಕೈತಿ ಅಂತ ಕಲ್ಲ ಹೊಲಕೊಂಡೆ."

"ಇದಕ್ಕ ಬುಲಿಮಿಯಾ ಅಂತಾರ" ಎಂದರು ಡಾಕ್ಟರು. "ಇದು ಕಾಯಿಲೆ. ನಿನ್ನ ಹಟಾ ಅಲ್ಲ, ನಿನ್ನ ತಪ್ಪೂ ಅಲ್ಲ. ಮೈ ದಪ್ಪ ಇದ್ದವರಿಗೂ ಬರತೈತಿ, ತೆಳ್ಳಗಿದ್ದವರಿಗೂ ಬರತೈತಿ, ಗಂಡಸರಿಗೂ ಬರತೈತಿ. ಇದಕ್ಕ ಚಿಕಿತ್ಸೆ ಐತಿ, ಬಾಳ ಮಂದಿ ವಾಸಿ ಆಗ್ಯಾರ. ಆದ್ರ ಮೈಯಾಗಿನ ಉಪ್ಪು ಇಳದ್ರ ಎದಿ ತಾಳ ತಪ್ಪತೈತಿ. ಅದಕ್ಕ ಈಗ ಮೊದ್ಲ ದವಾಖಾನಿಗೆ ಹೋಗೂಣು."

ಹೇಳಿದರೆ ನಗುತ್ತೀರಿ, ಆ ಹೆಸರು ಕೇಳಿ ನನಗೆ ಮರಳಿನ ಮೇಲೆ ಕುಣಿಯಬೇಕೆನಿಸಿತು. ಅಷ್ಟು ತಿಂಗಳು ಮನೆಯಲ್ಲಿ ಹೆಸರಿಲ್ಲದ್ದೊಂದು ಓಡಾಡಿಕೊಂಡಿತ್ತು. ಹೆಸರು ಇದ್ದರೆ ಕೂಗಿ ನಿಲ್ಲಿಸಬಹುದು, ಮತ್ತು ಕೂಗುವುದು ನನ್ನ ಕೆಲಸ. ಹುಸೇನಬಿ ಚಂಪಾಳನ್ನು ಹೆಗಲ ಮೇಲೆ ಹಾಕಿಕೊಂಡೇ ಹೊಳೆ ದಾಟಿದಳು. ಡಾಕ್ಟರು ಹೇಳಿದ್ದು ಸರಿಯಾಗಿತ್ತು, ರಕ್ತದಲ್ಲಿ ಪೊಟ್ಯಾಸಿಯಂ ಬಹಳ ಇಳಿದಿತ್ತು. ಸಲೈನ್ ಬಾಟಲಿ ಏರಿಸಿ, ಎದೆಬಡಿತದ ಗೆರೆಗಳನ್ನು ಮತ್ತೆ ಮತ್ತೆ ನೋಡಿ, ಅವು ಸಮನಾದ ಮೇಲೆಯೇ ಮನೆಗೆ ಬಿಟ್ಟರು.

ಅಸಲು ಕೆಲಸ ಶುರುವಾದದ್ದು ಆಮೇಲೆ. ಗುಳಿಗೆ ಇತ್ತು, ವಾರಕ್ಕೊಮ್ಮೆ ಹೊಳೆಯಾಚೆ ಹೋಗಿ ಆಪ್ತಸಮಾಲೋಚಕಿಯ ಮುಂದೆ ಕೂತು ಮಾತಾಡುವುದಿತ್ತು, ಹಲ್ಲಿನ ಡಾಕ್ಟರೂ ಇದ್ದರು. ಮನೆಯವರಿಗೆ ಹಾಕಿದ ಪಥ್ಯ ಮಾತ್ರ ಎಲ್ಲಕ್ಕಿಂತ ಕಷ್ಟದ್ದು. ಹೊತ್ತು ಹೊತ್ತಿಗೆ ಸರಿಯಾಗಿ ಊಟ, ಯಾವ ಹೊತ್ತೂ ತಪ್ಪಬಾರದು, ತುರುಕಲೂಬಾರದು. ತಟ್ಟೆಯ ಬಗ್ಗೆ ಮಾತಿಲ್ಲ, ಮೈಯ ಬಗ್ಗೆ ಹೊಗಳಿಕೆಯೂ ಬೇಡ, ತೆಗಳಿಕೆಯೂ ಬೇಡ. ಉಂಡ ಮೇಲೆ ಒಬ್ಬರು ಅವಳ ಜೊತೆ ಕೂರಬೇಕು, ಬೇರೆ ಏನಾದರೂ ಮಾತಾಡಬೇಕು. ಅವ್ವನಿಗೆ ನಾಲಿಗೆ ಕಚ್ಚಿ ಕಚ್ಚಿ ಹುಣ್ಣಾಯಿತು. ಒಮ್ಮೆ ಸಂಗವ್ವತ್ತೆ ಬಂದವಳೇ, "ಯವ್ವಾ, ಎಷ್ಟ ಸೊರಗೀಯ" ಎಂದು ಬಾಯಿ ತೆಗೆದಳು. ಅವ್ವ ಎದ್ದು ನಿಂತು, "ಅಕ್ಕಾರ, ಮಳಿ ಮಾತಾಡ್ರಿ, ಬೆಳಿ ಮಾತಾಡ್ರಿ. ನನ್ನ ಮಗಳ ಮೈ ಮಾತ ಬ್ಯಾಡ" ಎಂದಳು. ಸಂಗವ್ವತ್ತೆ ಮುಖ ಊದಿಸಿಕೊಂಡು ಹೋದಳು, ಮಾರನೆಯ ದಿನ ಬಂದು ಮಳೆಯ ಮಾತಾಡಿದಳು.

ಊಟವಾದ ಮೇಲೆ ನಾವು ಕಟ್ಟೆಯ ಮೇಲೆ ಚೌಕಾಬಾರ ಆಡುತ್ತಿದ್ದೆವು. ಮೊದಮೊದಲು ಅವಳಿಗೆ ಕೂರಲಾಗುತ್ತಿರಲಿಲ್ಲ, ಕಣ್ಣು ಹಿತ್ತಲಿನ ಕಡೆಗೇ ಹೋಗುತ್ತಿತ್ತು. ನಾನು ಕವಡೆ ಇಲ್ಲದ ಕೈಯಲ್ಲಿ ಅವಳ ಕೈ ಹಿಡಿದುಕೊಂಡಿರುತ್ತಿದ್ದೆ. ಒಮ್ಮೆ ಅವಳು ರೇಗಿದಳು.

"ನಾನೇನ ಸತ್ತೀನೇನ, ಹಿಂಗ ಕೈ ಹಿಡಕೊಂಡ ಕುಂತಿ?"

"ಸತ್ತವರ ಕೈ ಯಾರ ಹಿಡೀತಾರ? ಇದ್ದವರದ ಹಿಡಿಯೂದು. ನೀ ಕವಡಿ ಹಾಕು."

ಅವಳು ನಕ್ಕಳು. ಅದು ಮೊದಲಿನ ಜೋರು ನಗೆಯಲ್ಲ, ಸಣ್ಣದು. ನನಗೆ ಅದೇ ಹೆಚ್ಚು ಇಷ್ಟವಾಯಿತು. ದಾರಿ ನೆಟ್ಟಗಿತ್ತು ಎಂದಲ್ಲ. ಒಂದು ಮಧ್ಯಾಹ್ನ ಗಿರಣಿಗೆ ಹೋದರೆ ಅವಳು ಮೈಯೆಲ್ಲ ಹಿಟ್ಟು ಮಾಡಿಕೊಂಡು ಮಾಡಿನ ತಗಡಿಗೆ ಬೆನ್ನು ಹಚ್ಚಿ ತೇಲುತ್ತಿದ್ದಳು. "ಅಕ್ಕಾ, ಮತ್ತ ಆತು" ಎಂದಳು, ತಾನಾಗಿಯೇ. ದೋಟಿಗೆ ಕೈ ಹಾಕಿದವಳು ಬಿಟ್ಟೆ. ಚೀಲಗಳ ಮೇಲೆ ಹತ್ತಿ ಅವಳ ಪಾದ ಹಿಡಿದುಕೊಂಡು ಕೂತೆ. ಹೀಗೂ ಆಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರಲ್ಲ, ಮುಂದಿನ ಊಟದ ಹೊತ್ತಿಗೆ ಇಬ್ಬರೂ ಕೆಳಗಿಳಿದು ಮಾಮೂಲಿನಂತೆ ಉಂಡೆವು.

ಸಮಾಲೋಚಕಿ ಅವಳಿಗೆ ಒಂದು ಕೆಲಸ ಕೊಟ್ಟಿದ್ದರು: ಹಿಮ್ಮಡಿ ಏಳುವ ಮುಂಚೆಯೇ ಹಸಿವನ್ನು ಗುರುತಿಸಬೇಕು. ಚಂಪಾ ಬಂದು ನನ್ನನ್ನು ಕೇಳಿದಳು, "ಹಸಿವು ಅಂದ್ರ ಒಳಗ ಹೆಂಗಿರತೈತಿ ಅಕ್ಕಾ?" ನನಗೂ ಗೊತ್ತಿರಲಿಲ್ಲ. ಅವ್ವನಿಗೂ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಕಾಲು ನೋಡಿಯೇ ಉಂಡ ಜನ ನಾವು, ಹೊಟ್ಟೆಯನ್ನು ಯಾರು ಕೇಳಿದ್ದರು? ಕಡೆಗೆ ಹೊಳೆ ದಾಟಿ ಹೋಗಿ ಹುಸೇನಬಿಯನ್ನು ಕೇಳಿದೆವು. ಅವಳು ಬಿದ್ದು ಬಿದ್ದು ನಕ್ಕು, ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ, "ಇಲ್ಲೊಂದ ಬೆಕ್ಕಿನ ಮರಿ ತಿರುಗಾಡಿದಂಗ ಇರತೈತಿ ನೋಡವ್ವಾ, ಕಚ್ಚಂಗಿಲ್ಲ, ಬರೇ ಕೇಳತೈತಿ" ಎಂದಳು.

ಹೊಳೆ ತುಂಬಿತು, ಇಳಿಯಿತು, ಮತ್ತೆ ಮರಳು ಕಂಡಿತು. ಈ ಸಲ ಚಂಪಾ ಬೇರಾಗಿ ನಿಲ್ಲುವುದಿಲ್ಲ ಎಂದಳು. ಹಗ್ಗದ ನಡುವೆ ನಿಲ್ಲುತ್ತೇನೆ ಎಂದಳು, ಡಾಕ್ಟರೂ ಒಪ್ಪಿದರು. ಅವಳ ಸೀರೆಯ ಅಂಚು ಗಾಳಿಗೆ ಹಾರುತ್ತಿತ್ತು. ಎರಡೂ ಕಡೆಯವರು ಹಗ್ಗ ಎತ್ತಿದರು, ಸೀಟಿಯವನು ಸೀಟಿ ಬಾಯಿಗಿಟ್ಟ, ನಾನು ಎದೆ ತುಂಬ ಉಸಿರು ಎಳೆದುಕೊಂಡೆ.

"ತಡೀರಿ" ಎಂದಳು ಚಂಪಾ. ಜೋರಾಗಿಯೇ ಎಂದಳು, ಎರಡೂ ದಂಡೆಗೆ ಕೇಳಿಸುವಂತೆ. "ನಂಗ ಹಸಿವ್ಯಾಗೈತಿ."

ನಮ್ಮೂರಿನವರೆಲ್ಲ ಒಟ್ಟಿಗೆ ಅವಳ ಕಾಲು ನೋಡಿದರು. ಎರಡೂ ಹಿಮ್ಮಡಿ ಮರಳಿನಲ್ಲಿ ಊರಿದ್ದವು. ನೆಲದ ಮೇಲೆ ನಿಂತು ಹಸಿವು ಎಂದವರನ್ನು ನಮ್ಮೂರು ಹಿಂದೆ ಕಂಡಿರಲಿಲ್ಲ. ಉಂಡೆ ಹಿಡಿದು ಓಡಬೇಕೋ ಬೇಡವೋ ಎಂದು ಯಾರಿಗೂ ತೋಚಲಿಲ್ಲ, ಸಂಗವ್ವತ್ತೆ ಕೈಯೆತ್ತಿದವಳು ಹಾಗೇ ನಿಂತಳು. ಎಮ್ಮೆಗಳನ್ನೇ ನಡೆಸುವ ನನ್ನ ಗಂಟಲಿಂದ ಅಳು ಬಂದಿತು. ಆಚೆ ಕಡೆಯಿಂದ ಹುಸೇನಬಿ ತನ್ನ ಬುತ್ತಿಯ ರೊಟ್ಟಿಗೆ ಚಟ್ನಿ ಸವರಿ ಸುರುಳಿ ಮಾಡಿ ಕೈಯಿಂದ ಕೈಗೆ, ಹಗ್ಗದುದ್ದಕ್ಕೂ ದಾಟಿಸಿದಳು.

ಚಂಪಾ ನಿಂತುಕೊಂಡೇ ತಿಂದಳು, ಅವಸರವಿಲ್ಲದೆ. ಎರಡು ತಂಡ, ಎರಡು ಊರು ಕಾದವು. ರೊಟ್ಟಿ ಮುಗಿಯಿತು, ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಉಂಡ ಮೇಲೆ ಅಭ್ಯಾಸವಾಗಿತ್ತಲ್ಲ, ನಾನು ಹೋಗಿ ಕೈ ಚಾಚಿದೆ. ಅವಳು ನನ್ನ ಕೈ ನೋಡಿ, ಅದನ್ನು ಒಮ್ಮೆ ಹಿಸುಕಿ, ಬಿಟ್ಟಳು.

"ಬ್ಯಾಡ ಬಿಡಕ್ಕಾ" ಎಂದಳು. "ಹಿಡಕೊಳ್ಳಾಕ ಹಗ್ಗ ಐತಲ್ಲ. ನೀ ಹೋಗಿ ಕೂಗು."